ಇಳಿತದ ಹೊತ್ತು

ಹೇಳಿಕೆಯ ಏಳನೆಯ ಪುಟದಲ್ಲಿ ನನ್ನ ಅಣ್ಣ ತೊಕುಜಿ
ಸಂಜೆ ನಾಲ್ಕಕ್ಕೆ ಕಟ್ಟೆಯ ತುದಿಗೆ ಹೋಗಿ
ಹಗ್ಗವನ್ನು ಕಡಲಿಗೆ ಬಿಸಾಡುತ್ತಾನೆ.
'ಅಲೆಗಳು ಅದನ್ನು ನುಂಗುವುದನ್ನು ಕಣ್ಣಾರೆ ಕಂಡೆನು.'

ಕಂಡೆನು!
ನಮ್ಮ ಮನೆಯಲ್ಲಿ ಹಾಗೆ ಮಾತಾಡುವವರು ಯಾರೂ ಇರಲಿಲ್ಲ.

ಅದು ಹೋಗಲಿ.
ಅರಿಯಾಕೆ ಕಡಲು, ಅಕ್ಟೋಬರ್, ಹುಣ್ಣಿಮೆಯ ಮಾರನೆಯ ದಿನ:
ನಾಲ್ಕು ಗಂಟೆಗೆ ಅಲ್ಲಿ ಅಲೆ ಎಲ್ಲಿಂದ ಬರಬೇಕು?
ನೀರು ಮೂರು ಮೈಲಿ ಹಿಂದೆ ಸರಿದು
ಬೂದು ಕೆಸರು ಬತ್ತಲೆ ಬಿದ್ದಿರುತ್ತದೆ,
ಕಡಲಪಾಚಿಯ ಗಳಗಳು ಬುಡದವರೆಗೂ ಕಾಣುತ್ತವೆ.
ಕೆಸರುಮೀನು ಹಿಡಿಯುವವರು ಹಲಗೆಗೆ ಒಂದು ಮೊಣಕಾಲೂರಿ
ಇನ್ನೊಂದು ಕಾಲಲ್ಲಿ ತಳ್ಳುತ್ತ ಜಾರುತ್ತಿರುತ್ತಾರೆ.
ಹಗ್ಗ ಎಸೆದಿದ್ದರೆ ಅವರ ಬೆನ್ನ ಮೇಲೇ ಬೀಳುತ್ತಿತ್ತು.

ಹೇಳಿಕೆ ಬರೆದ ಕುರೊಗಿ ಗುಡ್ಡದ ಊರಿನವನು.
ಅವನ ಕಡಲಲ್ಲಿ ಯಾವಾಗಲೂ ನೀರಿರುತ್ತದೆ.

ಹತ್ತೊಂಬತ್ತು ದಿನ. ಕಿಟಕಿಯಿಲ್ಲದ ಕೋಣೆ,
ತೂಕಡಿಸಿದಾಗಲೆಲ್ಲ ಮೇಜಿಗೆ ಒಂದು ಏಟು,
ಅಮ್ಮ ಹಾಸಿಗೆ ಹಿಡಿದಿದ್ದಾಳೆಂಬ ಸುಳ್ಳು.
ಇಪ್ಪತ್ತನೆಯ ದಿನ
ತಪ್ಪು ಯಾರದೋ, ಒಪ್ಪಿಗೆ ಇವನದು:
ಪುಟಕ್ಕೊಂದರಂತೆ ಎಡಗೈ ತೋರುಬೆರಳಿನ ಕೆಂಪು ಗುರುತು.

ನ್ಯಾಯಾಧೀಶರು ಪುಟ ತಿರುವಿ ಹೇಳಿದರು:
ಗುರುತುಗಳು ಸ್ಪಷ್ಟವಾಗಿವೆ, ಎಲ್ಲೂ ಕೈ ನಡುಗಿಲ್ಲ,
ಸ್ವಂತ ಇಚ್ಛೆಯಿಂದ ಕೊಟ್ಟದ್ದು, ಸಾಕ್ಷ್ಯವಾಗಿ ಸ್ವೀಕರಿಸಬಹುದು.
ವಕೀಲರು ಉಬ್ಬರ ಇಳಿತದ ಮಾತೆತ್ತಿದಾಗ
ನೆನಪು ತುಸು ಅತ್ತಿತ್ತ ಆಗುವುದು ಸಹಜ ಎಂದರು.
ಅಂಥ ಸಣ್ಣ ತಪ್ಪೇ ಸತ್ಯದ ಲಕ್ಷಣವಂತೆ.

ನಲವತ್ತು ವರ್ಷ ಕಡಲನ್ನು ಕೇಳಿ ಉಂಡವನು,
ಕಡಲನ್ನು ಕೇಳಿ ಮಲಗಿದವನು.
ಅವನಿಗೆ ಅದು ತುಸುವಂತೆ.

ಆರನೆಯ ವರ್ಷ, ಗಾಜಿನ ಈಚೆಯಿಂದ ಕೊನೆಗೂ ಕೇಳಿದೆ:
ಅವರು ಓದಿ ಹೇಳುವಾಗ ನಿನಗೆ ಗೊತ್ತಾಗಲಿಲ್ಲವೇ?
'ಗೊತ್ತಾಯಿತು' ಎಂದ.
'ಬೇರೆಯದನ್ನು ತಿದ್ದಿ ಅಂತ ಗೋಗರೆದೆ.
ಅದೊಂದನ್ನು ತಿದ್ದಿಸಲಿಲ್ಲ.
ಮಿನೆ ಓದುತ್ತಾಳೆ, ಅಂದುಕೊಂಡೆ.'

ಆಮೇಲೆ ಬಹಳ ಹೊತ್ತು ಸುಮ್ಮನಿದ್ದು,
'ಈಗ ನೀರು ಎಲ್ಲಿಯವರೆಗೆ ಬಂದಿದೆ?'

ಚೀಲದಿಂದ ಈ ವರ್ಷದ ಪಟ್ಟಿ ತೆಗೆದು ನೋಡಿ ಹೇಳಿದೆ.
ಮೂಲೆಯಲ್ಲಿ ಕೂತ ಕಾವಲುಗಾರ
ಅದನ್ನೂ ಬರೆದುಕೊಂಡ.