ಮೂವತ್ತು ಸೆಂಟು

ಹದಿನಾಲ್ಕು ಪ್ರಬಂಧ ಪುಸ್ತಕವಾಗಿ ಬಂದ ವಾರ
ಒಂದು ಪ್ರತಿ ಸೆರಗಲ್ಲಿ ಮುಚ್ಚಿಕೊಂಡು ಗುಡ್ಡ ಇಳಿದೆ.
ನಾಪೋಕ್ಲು ದಾರಿಯಲ್ಲಿ ಚೋಂದಮ್ಮನವರದೇ ಮೊದಲ ಗೇಟು.
ಕನ್ನಡಕ ಒರೆಸಿ, ನಿಂತೇ ಓದಿದರು
ಎರಡು ಪುಟ, ಮೂರು. ಆಮೇಲೆ ಕೂತರು.
ನಾನು ಕಿತ್ತಳೆ ಸಿಪ್ಪೆ ಚಿವುಟುತ್ತ ಕಾದೆ.

"ಜೂನ್ ಹನ್ನೆರಡಕ್ಕೆ ಆಕಾಶ ಹರಿದು ಬಿತ್ತು
ಅಂತ ಬರೆದಿದ್ದೀರಿ."
ಹೌದು ಎಂದೆ. ನನಗೆ ತುಂಬ ಹಿಡಿಸಿದ ವಾಕ್ಯ.
ಒಳಗಿಂದ ರಟ್ಟು ಬಿಟ್ಟ ಲೆಡ್ಜರುಗಳನ್ನು ತಂದರು:
ನಲವತ್ತೊಂದು ವರ್ಷದ ಮಳೆ, ನೀಲಿ ಶಾಯಿಯಲ್ಲಿ.
ಗಂಡ ತೀರಿಕೊಂಡ ದಿನಕ್ಕೂ ಒಂದು ಸಾಲು,
ಎರಡು ಇಂಚು ಹತ್ತು.
ಬೆರಳು ಇಳಿಯುತ್ತ ಬಂದು ನಿಂತಿತು.
"ಮೂವತ್ತು ಸೆಂಟು. ಅಷ್ಟೇ."

ಸೆಂಟು ಎಂದರೆ ನನಗೆ
ರಾಜಾಜಿನಗರದಲ್ಲಿ, ಆಫೀಸಿಗೆ ಹೊರಡುವ ಮುಂಚೆ
ಮಣಿಕಟ್ಟಿಗೆ ತಾಗಿಸುವ ಒಂದು ಹನಿ.
ಇಲ್ಲಿಗೆ ಬಂದ ಮೇಲೆ ಅದು ಜಾಗದ ಅಳತೆ,
ಸಬ್‌ರಿಜಿಸ್ಟ್ರಾರ್ ಕಚೇರಿಯ ಬೆಂಚಿನ ಮೇಲೆ ಕಲಿತದ್ದು.
ಮಳೆಗೂ ಸೆಂಟು ಇದೆಯೆಂದು
ನಾಲ್ಕು ವರ್ಷ ಯಾರನ್ನೂ ಕೇಳಿರಲಿಲ್ಲ.

"ಮೌನದ ಮೇಲೆ ಒಂದು ಅಧ್ಯಾಯವೇ ಇದೆಯಲ್ಲ," ನಕ್ಕರು,
"ಆನೆ ಓಡಿಸಲು ಬೆಳಗಿನವರೆಗೆ ಪಟಾಕಿ ಹೊಡೆದೆವು,
ಆ ರಾತ್ರಿ ನೀವೆಲ್ಲಿದ್ದಿರಿ?"
ಮೈಸೂರಲ್ಲಿ. ಹಲ್ಲಿನ ಡಾಕ್ಟರ ಹತ್ತಿರ.
"ಇನ್ನೂರು ಮೆಣಸಿನ ಬಳ್ಳಿ ನೆಟ್ಟೆ. ಸರಿ.
ಗುಂಡಿ?"
ಗುಂಡಿ ಲೈನ್‌ಮನೆಯ ಪಾಲಿ ತೋಡಿದ್ದು, ಅವಳ ತಮ್ಮನೂ.
ಪುಸ್ತಕದಲ್ಲಿ ಅವಳ ಹೆಸರಿಲ್ಲ.
ಎಲೆಯಡಿಕೆಯ ನಗು ಮಾತ್ರ ಇದೆ, ಪುಟ ಅರವತ್ತೆರಡು.

ಹೊರಡುವಾಗ ಕೈಗೆ ಒಂದು ಹಳೆಯ ಮಳೆಮಾಪಕ,
ಗಾಜಿನ ಬಾಯಿ ಒಂದು ಕಡೆ ಮುಕ್ಕಾದದ್ದು.
"ಬೆಳಿಗ್ಗೆ ಎಂಟಕ್ಕೆ. ದಿನಾ.
ಬಾರದಿದ್ದರೆ ಸೊನ್ನೆ ಬರೆಯಬೇಕು,
ಖಾಲಿ ಬಿಡಬಾರದು."

ಜನವರಿ ಪೂರ್ತಿ ಸೊನ್ನೆ ಬರೆದೆ.
ಫೆಬ್ರವರಿಯಲ್ಲಿ ಸೊನ್ನೆಗಳು ದುಂಡಗಾಗತೊಡಗಿದವು.
ಪತ್ರಿಕೆಯವರು ಫೋನು ಮಾಡಿ ಹೊಸದೇನಾದರೂ ಕೇಳಿದರು;
ಇಪ್ಪತ್ತೆಂಟು ಸೊನ್ನೆ ಇವೆ, ಕಳಿಸಲೇ ಎಂದೆ.
ಅವರಿಗೆ ನಗು ಬರಲಿಲ್ಲ.

ಮಾರ್ಚ್ ಒಂಬತ್ತರ ರಾತ್ರಿ ತಗಡಿನ ಮೇಲೆ ಸದ್ದು.
ಏಳಲಿಲ್ಲ. ಎದ್ದರೆ ಹೋಲಿಕೆ ಹುಡುಕುತ್ತೇನೆಂದು
ಹೊದಿಕೆ ಎಳೆದುಕೊಂಡು ಎಣಿಸುತ್ತ ಮಲಗಿದೆ,
ಏನನ್ನು ಎಣಿಸಿದೆನೋ.
ಬೆಳಿಗ್ಗೆ ಗಾಜನ್ನು ಕಣ್ಣಿನ ಮಟ್ಟಕ್ಕೆ ಎತ್ತಿದೆ:
ಒಂದು ಇಂಚು ಐದು, ಒಂದು ಸತ್ತ ಇರುವೆ.
ಕೆಳಗಿನ ತೋಟದಿಂದ ಪಾಲಿ ಕೂಗಿದಳು,
"ಅಕ್ಕಾ, ಹೊಳೆಗೆ ಪಂಪು ಇಳಿಸೋದು ಬೇಡ ಅಲ್ವಾ?"
ಬೇಡ ಪಾಲೀ, ಬೇಡ ಎಂದು ನಾನೂ ಕೂಗಿದೆ.

ಹೂವಿಗೆ ಇನ್ನು ಎಂಟು ದಿನ.
ಇರುವೆಯನ್ನು ಲೆಕ್ಕದಲ್ಲಿ ಕಳೆಯಬೇಕೇ,
ಚೋಂದಮ್ಮನವರನ್ನು ಕೇಳಬೇಕು.