ಬರೀ ತುದಿ

ರಾದೋಮ್‌ನಲ್ಲಿ, ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ
ಝೆನೋಬ್ಯಾಳ ಸಲೂನು. ಮೂರು ಕುರ್ಚಿ, ಮೂರು ಕನ್ನಡಿ,
ಮೂರರ ನೆತ್ತಿಯನ್ನೂ ಹಾದುಹೋದ ಒಂದೇ ಬಳ್ಳಿ.

ಅಂಗಡಿ ತೆರೆದ ದಿನ ಮೊಸರಿನ ಡಬ್ಬಿಯಲ್ಲಿ
ಎರಡೆಲೆ ತಂದುಕೊಟ್ಟವಳು ಅತ್ತಿಗೆ, ಯಾದ್ವಿಗಾ.
ಅವಳೊಡನೆ ಮಾತು ಬಿಟ್ಟು ಹದಿನಾಲ್ಕು ವರ್ಷ.
ಬಳ್ಳಿ ಮಾತ್ರ ಏನನ್ನೂ ಬಿಡಲಿಲ್ಲ:
ಗಡಿಯಾರದ ಮೊಳೆ, ದರಪಟ್ಟಿಯ ಚೌಕಟ್ಟು, ಹೀಟರಿನ ಕೊಳವೆ,
ಎಲ್ಲಕ್ಕೂ ಜೋತುಬಿದ್ದು ಹೋಯಿತು
ಕಿಟಕಿಯ ಕಡೆಗೆ, ಜನವರಿಯ ಚೂರು ಬಿಸಿಲಿಗೆ.

ಕೊನೆಯಲ್ಲಿ ಮೂರೇ ಎಲೆ, ಬಿಳಿಚಿದ ಹಸಿರು.
ಕುಂಡದಿಂದ ಅಲ್ಲಿಯತನಕ
ಬರೀ ದಾರ. ನಡುನಡುವೆ ಗಿಣ್ಣು.

ಕೆಲಸ ಕಲಿಯಲು ಬಂದ ಕಿಂಗಾ ಒಂದು ದಿನ
ಅಂದೇಬಿಟ್ಟಳು: "ಊರವರ ತಲೆಗೆಲ್ಲ ಕತ್ತರಿ ಇಡುತ್ತೀರಿ,
ನಿಮ್ಮ ತಲೆ ಮೇಲಿನ ಬೋಳು ಕಾಣುವುದಿಲ್ಲವೆ?"

ಝೆನೋಬ್ಯಾ ನಕ್ಕಳು. ಆಮೇಲೆ ನಗಲಿಲ್ಲ.

ಮೂವತ್ತೊಂದು ವರ್ಷ ಹೇಳಿದ್ದಾಳೆ ಈ ಸುಳ್ಳು,
ಕುರ್ಚಿಯಲ್ಲಿ ಅಳುವ ಮಕ್ಕಳಿಗೆ, ತೆಳುಜಡೆಯ ಮದುಮಗಳಿಗೆ:
ಕತ್ತರಿಸಿದರೆ ದಟ್ಟ ಬರುತ್ತೆ, ನೋಡು.
ಕೂದಲು ಕೇಳಿಸಿಕೊಳ್ಳುವುದಿಲ್ಲ. ತುದಿ ಹೋದದ್ದು
ಬುಡಕ್ಕೆ ಗೊತ್ತೇ ಆಗುವುದಿಲ್ಲ.

ಏಣಿ ಹತ್ತಿದಳು, ಸ್ಪಿರಿಟ್ಟಿನಲ್ಲಿ ಒರೆಸಿದ ಒಳ್ಳೆಯ ಕತ್ತರಿ ಹಿಡಿದು.
ಗಿಣ್ಣಿನ ಕೆಳಗೆ ಅರ್ಧ ಬೆರಳು ಬಿಟ್ಟು.
ಮೊದಲ ತುಂಡಿಗೆ ಕೈ ನಡುಗಿತು;
ಆಮೇಲೆ ಒಂದರ ಹಿಂದೊಂದು ಹದಿನೆಂಟು,
ಬಾಚಣಿಗೆ ಅದ್ದಿಡುವ ಗಾಜಿನ ಲೋಟ ತೊಳೆದು
ನಲ್ಲಿನೀರಿನಲ್ಲಿ ನಿಲ್ಲಿಸಿದಳು, ಕನ್ನಡಿಗಳ ಮುಂದೆ.
ಎಲೆಯಿಲ್ಲದವೂ ಇರಲಿ ಅಂದಳು ಕಿಂಗಾ. ಗಿಣ್ಣಿದ್ದರೆ ಸಾಕಂತೆ.

ಹನ್ನೊಂದನೆಯ ದಿನ ಒಂದು ಕಂದು ಗಿಣ್ಣಿನಿಂದ
ನರೆಗೂದಲಿನ ಹಾಗೆ, ಬೇರು.
ಕುಂಡದ ಮೋಟಿನಲ್ಲಿ, ಕತ್ತರಿ ಬಿದ್ದ ಜಾಗದ ಪಕ್ಕಕ್ಕೇ
ಅಕ್ಕಿಕಾಳಿನಷ್ಟು ಹಸಿರು. ಮರುದಿನ ಇನ್ನೊಂದು ಕಡೆ.
ಅಷ್ಟು ವರ್ಷದ ಸುಳ್ಳು
ಹೀಗೆ ಒಂದು ಕಡೆ ನಿಜವಾಗುತ್ತದೆಂದು ಯಾರಿಗೆ ಗೊತ್ತಿತ್ತು.

ಅಲ್ಲಿಯ ಹೆಂಗಸರ ಮಾತು: ಬೇಡಿ ತಂದ ತುಂಡು ಕೊಳೆಯುತ್ತದೆ,
ಕದ್ದು ತಂದದ್ದೇ ಚಿಗುರುವುದು.
ದಿನಾ ಸಂಜೆ ಲೋಟದ ಲೆಕ್ಕದಲ್ಲಿ ಒಂದು ಕಡಿಮೆ.

ನಿನ್ನೆ ಮಧ್ಯಾಹ್ನ ಯಾದ್ವಿಗಾ ಬಂದಳು.
ಅವಳ ಮನೆಯ ತಾಯಿಬಳ್ಳಿ
ಯಾವುದೋ ಚಳಿಗಾಲಕ್ಕೆ ಸತ್ತಿತ್ತೆಂದು ಸುದ್ದಿಯಿತ್ತು.
"ಬರೀ ತುದಿ" ಅಂದಳು. ಕೂತಳು. ಬೇರೆ ಮಾತಿಲ್ಲ.
ಎದ್ದು ನೋಟು ಮೇಜಿನ ಮೇಲಿಟ್ಟು, ಕೋಟು ತೊಡುವಾಗ
ಲೋಟದಿಂದ ಒಂದು, ನೀರು ತೊಟ್ಟಿಕ್ಕುತ್ತ, ಕೈಚೀಲದೊಳಕ್ಕೆ.

ಮೂರು ಕನ್ನಡಿಯಲ್ಲೂ ಕಂಡಿತು.
ಝೆನೋಬ್ಯಾ ಗಲ್ಲದ ಮೇಲೆ ಬಗ್ಗಿ ಚಿಲ್ಲರೆ ಎಣಿಸಿದಳು,
ಮತ್ತೆ ಮೊದಲಿಂದ ಎಣಿಸಿದಳು.