ಅನುಕ್ರಮ ನಂಬರ ಮೂವತ್ತೊಂದು

ಯಾಕ ಬೇಕು ಅನ್ನೋ ಖಾನೆದಾಗ
‘ಅಜ್ಜನ್ನ ನೋಡಾಕ’ ಅಂತ ಬರದೆ.
ಯಲಿಗಾರ ಅವರು ಚಾಳೀಸಿನ ಮ್ಯಾಲಿಂದ ನೋಡಿದ್ರು.
‘ಹೊಲದ ತಕರಾರ ಏನ್ರಿ?’
ಅಲ್ರಿ.
‘ಮನಿ ಪಾಲ?’
ಅವಗ ಹೊಲ ಮನಿ ಏನೂ ಇದ್ದಿಲ್ರಿ,
ಹೆಗಲಿಗೊಂದು ಇಂಗಿನ ಚೀಲ ಇತ್ತು.

ಆಗ ಗದಗ ಧಾರವಾಡ ಜಿಲ್ಲಾದಾಗ.
ಅದಕ್ಕ ಅಜ್ಜ ಇಲ್ಲಿ, ಪೊಲೀಸ ಕಚೇರಿ ಕಪಾಟಿನಾಗ,
ಕೆಂಪ ಅರಿವಿ ಗಂಟಿನಾಗ ಕುಂತಿದ್ದ.
ಮೂರನೇ ಸಲ ಬಸ್ ಹತ್ತಿ ಬಂದಾಗ ಸಿಕ್ಕ.

ಹೆಸರು: ಗುಲ್ ಮೀರ್.
ಮುಂದಿನ ಪುಟದಾಗ ಗುಲಾಮ ಮೀರ.
ಆಮ್ಯಾಲೆ ಬಂದ ಕಾರಕೂನ ದೊಡ್ಡ ಮನಸಿನಾಂವ,
ಗುಲ್ಬರ್ಗಿ ಮೀರಾಸಾಬ ಅಂತ ಬರದು
ಗಡಿ ಒಳಗ ತಗೊಂಡಬಿಟ್ಟಾನ.
ಕಸುಬು: ಇಂಗು, ಬಡ್ಡಿ ವ್ಯವಹಾರ.
ಬಡ್ಡಿ ವ್ಯವಹಾರದ ಮ್ಯಾಲ ಗೆರಿ ಎಳದದ.
ಹುಟ್ಟಿದ ಊರು: ಘಜನಿ ಹತ್ತಿರ.
ಹತ್ತಿರ ಅಂದ್ರ ಹೆಂಗ?
ಗದಗಿಗೆ ಬೆಟಗೇರಿ ಹತ್ತಿರ ಇದ್ದಂಗೊ,
ಮುಂಡರಗಿ ಹತ್ತಿರ ಇದ್ದಂಗೊ?
ಚಹರೆ ಗುರುತು: ಎಡಗಿವಿ ಹರಿದಿದೆ.
ಆರು ವರ್ಷ ಅವನ ತೊಡಿ ಮ್ಯಾಲ ಬೆಳದೀನಿ,
ಪಟಗಾದ ಕೆಳಗಿನ ಕಿವಿ ನಾ ನೋಡೇ ಇಲ್ಲ.
ಫೌಜದಾರ ನೋಡ್ಯಾನ.

ಊರು ಬಿಟ್ರ ಹೇಳಿ ಹೋಗಬೇಕು,
ತಿರುಗಿ ಬಂದ್ರ ‘ಬಂದೆ’ ಅನ್ನಬೇಕು.
ಅವ ಅಂದಾನ, ಇವರು ಬರಕೊಂಡಾರ:
ನಲವತ್ತಾರನೇ ಇಸವಿ ಜನವರಿ, ಲಕ್ಷ್ಮೇಶ್ವರ, ವ್ಯಾಪಾರ, ಒಂದು ದಿನ.
ಫೆಬ್ರುವರಿ, ಲಕ್ಷ್ಮೇಶ್ವರ, ವ್ಯಾಪಾರ, ಎರಡು ದಿನ.
ಮಾರ್ಚ್, ಲಕ್ಷ್ಮೇಶ್ವರ, ವ್ಯಾಪಾರ, ನಾಲ್ಕು ದಿನ.
ಆಗಿನ್ನೂ ಅದು ಸಂಸ್ಥಾನದ ಊರು,
ಹೋದಾಗೊಮ್ಮೆ ಗಡಿ ದಾಟಿದ ಲೆಕ್ಕ.
ಏಪ್ರಿಲಿನ ಸಾಲಿಗೆ ಯಾರೋ ಕೆಂಪ ಪೆನ್ಸಿಲಿನ್ಯಾಗ
ಒಂದು ಪ್ರಶ್ನೆ ಚಿಹ್ನೆ ಹಾಕ್ಯಾರ.
ಹೌದಲ್ಲ, ಒಂದೂರು ಎಷ್ಟಂತ ಇಂಗು ತಿನ್ನತೈತಿ?

ಜೈತೂನಬಿ, ನಮ್ಮಜ್ಜಿ, ಅಲ್ಲಿ ಬಳಿ ಅಂಗಡಿಯವರ ಮಗಳು.
ಲಗ್ನ ಹೆಂಗಾತು ಅಂತ ಕೇಳಿದ್ರ
‘ನಮ್ಮಪ್ಪ ಇಂಗು ತಗೊಂಡ,
ಕೊಡಾಕ ಚಿಲ್ಲರ ಇದ್ದಿಲ್ಲ,
ನನ್ನ ಕೊಟ್ಟ’ ಅಂತಿದ್ಲು.
ಜೂನಿನಾಗ ಐತಿ ನೋಡ್ರಿ:
ಲಕ್ಷ್ಮೇಶ್ವರ. ಹತ್ತು ದಿನ.
ಕಾರಣ: ಖಾಸಗಿ.
ಅಲ್ಲಿಂದ ಮುಂದ ಒಂಬತ್ತು ತಿಂಗಳು ಪುಟ ಖಾಲಿ,
ಎಲ್ಲಿಗೂ ಹೋಗಿಲ್ಲ ಪುಣ್ಯಾತ್ಮ.

ಐವತ್ತಾರರಾಗ ಮುಂಬಯಿ ಸರಕಾರದ ಶಿಕ್ಕಾ ಹೋಗಿ
ಮೈಸೂರಿಂದು ಬಂದೈತಿ.
ಕುಂತಲ್ಲೇ ಕುಂತು ಅಜ್ಜ ರಾಜ್ಯ ದಾಟ್ಯಾನ,
ಅದನ್ನ ಯಾರಿಗೂ ಹೇಳಿ ಹೋಗಬೇಕಾಗಿಲ್ಲ.
ಪುಸ್ತಕದ ಬೆನ್ನಿಗೆ ಹೊಸ ಚೀಟಿ, ದುಂಡ ಅಕ್ಷರ:
ಪರದೇಶಿಗಳ ಪಟ್ಟಿ.

ನಮ್ಮ ಕಡೆ ಪರದೇಶಿ ಅಂದ್ರ
ಅವ್ವ ಅಪ್ಪ ಇಲ್ಲದ ಕೂಸು.
ತಲಿ ಹಿಕ್ಕೊಳ್ಳದ ಓಣ್ಯಾಗ ತಿರುಗಿದ್ರ ಅಜ್ಜಿ ಬೈತಿದ್ಲು,
‘ಯಾಕ, ಪರದೇಶಿ ಆಗೀಯೇನ?’
ಕಟ್ಟಿ ಮ್ಯಾಲ ಕುಂತಾಂವ ಅಡಕಿ ಕತ್ತರಸ್ತಾ ಅಂತಿದ್ದ,
‘ಅದು ನನ್ನ ನೌಕರಿ, ಹುಡಿಗಿಗೆ ಯಾಕ ಕೊಡ್ತಿ?’
ಅಜ್ಜಿ ಸೆರಗು ಬಾಯಿಗೆ ಹಿಡಕೊಂಡು ನಗೋದು
ಆಗ ನನಗ ಅರ್ಥ ಆಗತಿದ್ದಿಲ್ಲ.

ಕಡೀ ಪುಟ. ಇಲ್ಲಿ ಸತ್ತವರಿಗೆ ಖಾನೆ ಇಲ್ಲ.
ಇರೋದು ಒಂದೇ: ದೇಶ ಬಿಟ್ಟ ದಿನಾಂಕ,
ಅದರ ಬಾಜೂಕ, ಹೋದ ಊರು.
ಕಾರಕೂನ ಎಷ್ಟೊತ್ತು ಪೆನ್ನು ಹಿಡದು ಕುಂತಿದ್ನೋ,
ಶಾಯಿ ಒಂದು ಚುಕ್ಕಿ ಬಿದ್ದದ.
ಆಮ್ಯಾಲೆ ಬರದಾನ:
ಹದಿನಾಲ್ಕು ಸೆಪ್ಟೆಂಬರ್ ಎಪ್ಪತ್ತೊಂದು.
ಬೆಟಗೇರಿ.

ಖಬರಸ್ತಾನದ ದಾರಿ ನನಗ ಗೊತ್ತು,
ಹಳಿ ದಾಟಿದ ಮ್ಯಾಲ ಎಡಕ್ಕ.

ಯಲಿಗಾರ ಅವರು ಪುಸ್ತಕ ಮುಖದ ಹತ್ತಿರ ತಗೊಂಡು ಮೂಸಿದ್ರು,
‘ಇಂಗಿನ ವಾಸನಿ ಬರತೈತೇನ್ರಿ ಇನ್ನೂ?’
ನಾನೂ ಮೂಸಿದೆ. ಇಲ್ಲ.
ಬರೀ ಧೂಳು, ಜಿರಳಿ ಗುಳಗಿ.
ಝೆರಾಕ್ಸಿಗೆ ಹನ್ನೆರಡು ರೂಪಾಯಿ ಆತು.
ನನ್ನ ಕಡೆ ಇಪ್ಪತ್ತರ ನೋಟು,
ಅವರ ಕಡೆ ಚಿಲ್ಲರ ಇದ್ದಿಲ್ಲ.